ಪುಟ್ ಅಪ್ ವಿತ್

ಪಿಎಚ್‌ಡಿಗೆ ಸೇರಿದ ಹೊಸದರಲ್ಲಿ ಸಹಪಾಠಿಯೊಬ್ಬಳು ‘ವೇರ್ ಆರ್ ಯೂ ಪುಟ್ ಅಪ್?’ ಎಂದು ಕೇಳಿದಳು. ನಮ್ಮ ದೇಶದ ಇಂಗ್ಲಿಷಿನಲ್ಲಿ ಮಾಮೂಲಿ ಪ್ರಶ್ನೆ. ಚಿಕ್ಕಮ್ಮನ ಮನೆಯಲ್ಲಿ ಅಂದೆ. ಹಾಸ್ಟೆಲ್ ಸಿಕ್ಕಿರಲಿಲ್ಲ, ಫೆಲೋಶಿಪ್ ಏಳು ತಿಂಗಳಾದರೂ ಬಂದಿರಲಿಲ್ಲ.

‘ಪುಟ್ ಅಪ್’ ಅಂದರೆ ಇಲ್ಲಿ ತಂಗುವುದು. ಅದಕ್ಕೊಂದು ‘ವಿತ್’ ಅಂಟಿಸಿದರೆ ಸಹಿಸುವುದು. ಇಡು, ಮೇಲೆ, ಜೊತೆ: ಮೂರನ್ನೂ ಬಿಡಿಯಾಗಿ ಬಲ್ಲವರಿಗೂ ಸಹನೆಯ ಸುಳಿವು ಸಿಗದು. ‘ಪುಟ್’ಗೆ ಭೂತಕಾಲದ ಬೇರೆ ರೂಪವೂ ಇಲ್ಲ, ನಿನ್ನೆ ಸಹಿಸಿದ್ದಕ್ಕೂ ಇವತ್ತಿನದಕ್ಕೂ ಅದೇ ಪದ. ನಾವು ‘ಸಹಿಸಿಕೊ’ ಅನ್ನುತ್ತೇವೆ. ಆ ‘ಕೊಳ್ಳು’ ಇದೆಯಲ್ಲ, ಅದು ಕಷ್ಟವನ್ನು ನಮ್ಮೊಳಗೇ ಮಡಚಿಡುತ್ತದೆ. (ಅಮ್ಮ ಫೋನಿನಲ್ಲಿ ಹೇಳುತ್ತಿದ್ದ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ’ದಲ್ಲೂ ಅದೇ.)

ಹಾಲ್‌ನ ಸೋಫಾ, ಹನ್ನೊಂದರವರೆಗೆ ಟಿವಿ, ಚಿಕ್ಕಪ್ಪನ ‘ಇನ್ನೂ ಎಷ್ಟು ವರ್ಷ ಓದೋದು?’. ಸಹಿಸುತ್ತಿರುವುದು ನಾನೇ ಅಂದುಕೊಂಡಿದ್ದೆ. ಒಂದು ಬೆಳಗಿನ ಜಾವ ನೀರು ಕುಡಿಯಲು ಎದ್ದರೆ, ಚಿಕ್ಕಮ್ಮ ಅಡುಗೆಮನೆಯ ನೆಲದಲ್ಲಿ ಕೂತು ಮೊಬೈಲ್ ಬೆಳಕಿನಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

‘ಲೈಟ್ ಹಾಕಿದ್ರೆ ಹಾಲ್‌ಗೆ ಬೀಳತ್ತೆ. ನಿನಗೆ ಎಚ್ಚರ ಆಗತ್ತಲ್ಲ.’

ಏಳು ತಿಂಗಳಿಂದ ಹೀಗೇನಾ ಎಂದು ಕೇಳಲಿಲ್ಲ. ಪಕ್ಕದಲ್ಲಿ ಕೂತು ಒಂದು ಕಟ್ಟು ಎತ್ತಿಕೊಂಡೆ.