ಅಪ್ಪನ ಓಮ್ನಿಗೆ ನಾನು ಹಾಕಿದ ಬ್ಲೇಡು

ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೂತಿರೋರಿಗೆ ಊರಿಗೆ ಹೋದಾಗ ಒಂದು ಕಷ್ಟ ಇದೆ. ಪಂಪ್‌ಸೆಟ್ ಕೆಟ್ಟರೂ ಕರೀತಾರೆ, ಮಿಕ್ಸಿ ಕೆಟ್ಟರೂ ಕರೀತಾರೆ. "ಇಂಜಿನಿಯರ್ ಅಲ್ವೇನಪ್ಪ, ಒಸಿ ನೋಡು" ಅಂತ. ನಾನೂ ಹೋಗಿ ಸೊಂಟದ ಮೇಲೆ ಕೈ ಇಟ್ಕೊಂಡು ಗಂಭೀರವಾಗಿ ನೋಡಿ, "ಬೇರಿಂಗ್ ಹೋಗಿರಬೇಕು" ಅಂದು ವಾಪಸ್ ಬರ್ತೀನಿ. ಎಷ್ಟೋ ಸಲ ನಿಜವಾಗ್ಲೂ ಬೇರಿಂಗೇ ಹೋಗಿರತ್ತೆ :-)

ಆದ್ರೆ ಇದು ನಾನು ನೋಡಿ ಬಂದ ರಿಪೇರಿ ಕಥೆ ಅಲ್ಲ. ನಾನೇ ಮಾಡಿ ಕೆಡಿಸಿದ ಕಥೆ.

ನಮ್ಮದು ಮಾಗಡಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಪ್ಪನ ಹತ್ತಿರ ಒಂದು ಬಿಳಿ ಓಮ್ನಿ ಇದೆ, ಸೆಕೆಂಡ್ ಹ್ಯಾಂಡ್. ಓಮ್ನಿ ಬಗ್ಗೆ ಗೊತ್ತಿಲ್ಲದವರು ಯಾರಿದ್ದೀರಿ ಹೇಳಿ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂತು, 1988ರಲ್ಲಿ ಓಮ್ನಿ ಆಯ್ತು, 2019ರಲ್ಲಿ ಕಂಪನಿ ನಿಲ್ಲಿಸಿಬಿಡ್ತು. ಸಿನಿಮಾದಲ್ಲಿ ಕಿಡ್ನ್ಯಾಪ್ ಮಾಡೋಕೆ, ನಮ್ಮ ಕಡೆ ಮಾವಿನಕಾಯಿ ಸಾಗಿಸೋಕೆ. ರೇಷ್ಮೆ ಗೂಡಿನ ಕಾಲದಲ್ಲಿ ಗೂಡು ತುಂಬ್ಕೊಂಡು ರಾಮನಗರದ ಮಾರ್ಕೆಟ್ಟಿಗೆ, ಮಾವಿನ ಕಾಲದಲ್ಲಿ ಕ್ರೇಟ್ ತುಂಬ್ಕೊಂಡು ಮಂಡಿಗೆ, ಉಳಿದ ಕಾಲದಲ್ಲಿ ಮದುವೆ, ಆಸ್ಪತ್ರೆ, ಕನಕಪುರದ ಅಜ್ಜಿ ಮನೆ. ಗೂಡೇನೋ ಹಗುರ. ಮಾವಿನಕಾಯಿ ಹಾಗಲ್ಲ.

2021ರ ಲಾಕ್‌ಡೌನ್‌ನಲ್ಲಿ ನಾನು ಊರಲ್ಲೇ ಇದ್ದು ವರ್ಕ್ ಫ್ರಮ್ ಹೋಮ್ ಮಾಡ್ತಿದ್ದೆ. ಗಾಡಿ ಹಿಂದುಗಡೆ ಕೂತುಬಿಟ್ಟಿತ್ತು. ಲೋಡ್ ಹಾಕಿದ್ರೆ ಪ್ರತಿ ಹಂಪಿಗೂ ಸೈಲೆನ್ಸರ್ ಕರ್ರ್ ಅನ್ನೋದು. ನಾನು ಯೂಟ್ಯೂಬಿನಲ್ಲಿ ಗಾಡಿ ಎತ್ತರ ಮಾಡೋ ವಿಡಿಯೋ ರಾತ್ರಿಯೆಲ್ಲಾ ನೋಡಿ ತಲೆ ಕೆಡಿಸ್ಕೊಂಡಿದ್ದೆ. "ಅಪ್ಪಾ, ಎರಡೂ ಕಡೆ ಒಂದೊಂದು ಬ್ಲೇಡ್ ಸೇರಿಸಿಬಿಟ್ರೆ ಮುಗೀತು, ಗಾಡಿ ಎರಡು ಇಂಚು ಮೇಲೆದ್ದು ನಿಲ್ಲತ್ತೆ" ಅಂದೆ. ಅಪ್ಪ ಅನುಮಾನದಿಂದ ನೋಡಿದ್ರು. "ನಾನು ಇದನ್ನೇ ಓದಿರೋದು" ಅಂದೆ. ಅದಕ್ಕೆ ಅವರ ಹತ್ರ ಉತ್ತರ ಇರಲಿಲ್ಲ.

(ಕಂಪನಿ ಕೊಟ್ಟಿದ್ದನ್ನ ಬದಲಾಯಿಸಿ ಗಾಡಿ ಎತ್ತರ ಮಾಡೋದು ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಅನ್ನೋದು ಆಮೇಲೆ ಗೊತ್ತಾಯ್ತು. ಓದಿದ್ದು ಮೆಕ್ಯಾನಿಕಲ್, ಲಾ ಅಲ್ಲವಲ್ಲ...)

ದಾರಿಬದಿಯ ಒಂದು ಗ್ಯಾರೇಜಿನಲ್ಲಿ ಯಾವುದೋ ಗುಜರಿ ಗಾಡಿಯ ಬ್ಲೇಡನ್ನ ಅಳತೆಗೆ ಕತ್ತರಿಸಿ, ಮೇನ್ ಬ್ಲೇಡಿನ ಕೆಳಗೆ ತುರುಕಿ ಕೊಟ್ರು. ಓಮ್ನಿ ಹಿಂಭಾಗ ಎತ್ಕೊಂಡು, ಓಡೋಕೆ ರೆಡಿಯಾದ ಹೋರಿ ಥರ ನಿಂತ್ಕೊಳ್ತು. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ್ದೂ ಆಯ್ತು.

ಅಲ್ಲಿಂದಾಚೆ ಗಾಡಿ ಖಾಲಿ ಇದ್ದಾಗ ಧಡ್ ಧಡ್ ಅಂತ ಎತ್ತಿ ಹಾಕೋಕೆ ಶುರು ಮಾಡ್ತು. ಸ್ಪೀಡು ಹತ್ತಿದಾಗ ಕೆಳಗಿಂದ ಗುಂಯ್ ಅನ್ನೋ ಸದ್ದು. ಗಾಡಿಗೆ ವಯಸ್ಸಾಯ್ತು ಅಂದ್ಕೊಂಡ್ವಿ. ಅಮ್ಮ ನಿಧಾನಕ್ಕೆ ಓಮ್ನಿ ಹತ್ತೋದನ್ನೇ ಬಿಟ್ಲು. ರಾಮನಗರಕ್ಕೆ ಹೋಗ್ಬೇಕಾದ್ರೂ ಬಸ್ಸೇ. ಕೇಳಿದ್ರೆ "ನಂಗೆ ಬಸ್ಸೇ ಸರಿ ಬುಡು" ಅನ್ನೋಳು. ಅಮ್ಮನ ಸೊಂಟಕ್ಕೂ ನನ್ನ ಬ್ಲೇಡಿಗೂ ಸಂಬಂಧ ಇದೆ ಅಂತ ನಾಲ್ಕು ವರ್ಷ ಕೆ.ಜಿ.ಗಟ್ಟಲೆ ಕೋಡ್ ಬರೆಯೋ ಈ ತಲೆಗೆ ಹೊಳೀಲಿಲ್ಲ.

ಈ ಸಲದ ಮಾವಿನ ಸೀಸನ್ನಿನಲ್ಲಿ ಒಂದು ದಿನ ಅಮ್ಮ ಫೋನ್ ಮಾಡಿ, ಬೇರೆ ಏನೇನೋ ಮಾತಾಡಿ, ಕೊನೆಗೆ ಮೆಲ್ಲಗೆ "ನಿಮ್ಮಪ್ಪನ ಗಾಡಿ ಬ್ಲೇಡ್ ಕಟ್ಟಾಗಿ ಮೂರು ದಿನ ಆಯ್ತು. ನಿಂಗೆ ಹೇಳ್ಬೇಡ ಅಂದವ್ರೆ" ಅಂದ್ಲು. ಕ್ರೇಟ್ ತುಂಬ್ಕೊಂಡು ರಾಮನಗರದ ಕಡೆ ಇಳಿಜಾರಿನಲ್ಲಿ ಹೋಗ್ತಿರೋವಾಗ ಹಿಂದೆ ಢಂ ಅಂದಿದೆ. ಎಡಗಡೆ ಮೇನ್ ಬ್ಲೇಡು ಮುಂದುಗಡೆಯಲ್ಲಿ ತುಂಡು. ಹಿಂದಿನ ಆಕ್ಸಲ್ಲನ್ನ ಜಾಗದಲ್ಲಿ ಹಿಡಿದಿರೋದೇ ಆ ಬ್ಲೇಡಿನ ಮುಂದಿನ ಅರ್ಧ. ಅದು ಹೋದ್ರೆ ಆ ಕಡೆ ಚಕ್ರ ಹಿಂದಕ್ಕೆ ಸರಿಯತ್ತೆ, ಗಾಡಿ ತಾನಾಗೇ ಪಕ್ಕಕ್ಕೆ ಎಳೆಯತ್ತೆ. ಅಪ್ಪ ಹೇಗೋ ಮಾಡಿ ರಸ್ತೆ ಬದಿಯ ಮಣ್ಣಿಗೆ ತಂದು ನಿಲ್ಲಿಸಿದಾರೆ. ಎದುರುಗಡೆಯಿಂದ ಆ ಹೊತ್ತಲ್ಲಿ ಏನೂ ಬರ್ತಿರಲಿಲ್ಲ. ಅಷ್ಟೇ.

ಶನಿವಾರ ಬೆಳಿಗ್ಗೆನೇ ಹೊರಟೆ. ಅಪ್ಪ ಗಾಡೀನ ಚನ್ನಪಟ್ಟಣದ ಹಳೇ ರಸ್ತೆಯ ಒಂದು ಬ್ಲೇಡ್ ವರ್ಕ್‌ಶಾಪಿಗೆ ಎಳೆಸಿದ್ರು. ಅಲ್ಲಿನ ಭಾಯ್‌ಗೆ ಅರವತ್ತು ದಾಟಿರಬೇಕು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಲಾರಿಗಳೆಲ್ಲಾ ಊರಾಚೆ ಬೈಪಾಸ್‌ನಲ್ಲೇ ಹೋಗ್ತವೆ, ಮೊದಲಿನ ಹಾಗೆ ಕೆಲಸ ಇಲ್ಲ ಅಂತ ಹೇಳ್ತಾ, ಮುರಿದ ತುಂಡನ್ನ ನನ್ನ ಕೈಗೆ ಕೊಟ್ರು.

ಮುರಿದ ಮೈಯಲ್ಲಿ ಎರಡು ಬಣ್ಣ. ಮುಕ್ಕಾಲು ಭಾಗ ಕಂದು ತುಕ್ಕು. ಉಳಿದ ಕಾಲು ಭಾಗ ಮಾತ್ರ ಆಗ ತಾನೇ ಒಡೆದ ಕಬ್ಬಿಣದ ಹೊಳಪು. ಇದನ್ನ ನಾನು ಕಾಲೇಜಿನಲ್ಲಿ ಓದಿದೀನಿ, ಫಟೀಗ್ ಫೇಲ್ಯೂರ್ ಅಂತ ಚಿತ್ರ ಸಮೇತ ಬರೆದು ಮಾರ್ಕ್ಸೂ ತಗೊಂಡಿದೀನಿ. ಬಿರುಕು ತಿಂಗಳುಗಟ್ಟಲೆ ನಿಧಾನಕ್ಕೆ ಒಳಗೆ ಹೋಗಿದೆ. ಅಪ್ಪ ಆ ಹೊಳೆಯೋ ಕಾಲು ಭಾಗದ ಮೇಲೆ ಲೋಡ್ ಹೊಡೀತಿದ್ರು.

"ಇಲ್ಲಿ ನೋಡಿ" ಅಂತ ಭಾಯ್ ಉಗುರಿನಿಂದ ತೋರಿಸಿದ್ರು. ಮುರಿದಿದ್ದು ಎಲ್ಲಿ ಗೊತ್ತಾ? ಸೇರಿಸಿದ ಬ್ಲೇಡಿನ ತುದಿ ಎಲ್ಲಿಗೆ ಮುಗೀತಿತ್ತೋ ಸರಿಯಾಗಿ ಅಲ್ಲಿ. ಕಂಪನಿ ಬ್ಲೇಡುಗಳ ತುದಿಯನ್ನ ತೆಳ್ಳಗೆ, ಮೂಲೆ ಇಲ್ಲದ ಹಾಗೆ ಮಾಡಿರ್ತಾರೆ. ಇದನ್ನ ಮಟ್ಟವಾಗಿ ಕತ್ತರಿಸಿ ಹಾಗೇ ಬಿಟ್ಟಿದ್ರು. ಆ ಚೂಪು ಅಂಚು ಪ್ರತಿ ಗುಂಡಿಗೂ ಮೇನ್ ಬ್ಲೇಡನ್ನ ಗೀರಿ ಗೀರಿ ಒಂದು ಗೆರೆ ಮಾಡಿದೆ. ಗೆರೆಯಲ್ಲಿ ನೀರು ನಿಂತು ತುಕ್ಕು, ತುಕ್ಕಿನಿಂದ ಬಿರುಕು.

"ಯಾರು ಹಾಕಿದ್ದು ಇದು?"

ನಾನು ಬಾಯಿ ತೆಗೆಯೋದ್ರೊಳಗೆ ಅಪ್ಪ, "ನಾನೇ ಹಾಕ್ಸಿದ್ದು ಭಾಯ್, ಲೋಡ್‌ಗೆ ಬೇಕಿತ್ತು" ಅಂದ್ರು. ನನ್ನ ಕಡೆ ನೋಡಲೂ ಇಲ್ಲ. "ನೀನೋಗಿ ಮೂರು ಟೀ ಹೇಳ್ಬಾ" ಅಂದ್ರು.

ಟೀ ಅಂಗಡಿ ಮುಂದೆ ನಿಂತ್ಕೊಂಡಾಗ ಏನನ್ನಿಸ್ತು ಅಂತ ಬರೆಯೋಕೆ ಬರ್ತಾ ಇಲ್ಲ. ವಾಪಸ್ ಬಂದು ಲೋಟ ಕೊಡ್ತಾ, "ಭಾಯ್, ಹಾಕ್ಸಿದ್ದು ನಾನು" ಅಂದೆ. ಅವರು ಟೀ ಕುಡಿದು ಮುಗಿಸೋವರೆಗೂ ಮಾತಾಡಲಿಲ್ಲ. ಆಮೇಲೆ "ಹಂಗಾದ್ರೆ ಬಾ, ಕೆಳಗೆ ಮಲಗು" ಅಂದ್ರು.

ಅಪ್ಪ ಎಡಗಡೆ ಮಾತ್ರ ಬದಲಾಯಿಸಿದ್ರೆ ಸಾಕು ಅಂತಿದ್ರು. ಭಾಯ್ ಬಲಗಡೆಯದನ್ನೂ ಬಿಚ್ಚಿಸಿ, ತಂತಿ ಬ್ರಷ್ಷಲ್ಲಿ ಉಜ್ಜಿ, ಸೀಮೆಎಣ್ಣೆ ಸವರಿ ಒರೆಸಿದ್ರು. ಅದೇ ಜಾಗ, ಅದೇ ಗೆರೆ. ಕೂದಲೆಳೆಯಷ್ಟು ಬಿರುಕಿನಿಂದ ಎಣ್ಣೆ ಮತ್ತೆ ಜಿನುಗಿತು. ಅಪ್ಪ ಮತ್ತೆ ದುಡ್ಡಿನ ಮಾತು ಎತ್ತಲಿಲ್ಲ.

ಚಾಸಿಸ್ಸಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್ ಕೆಳಗೆ ಜಾಕಿ ಇಟ್ಟು ಕೆಲಸ ಶುರು. ತುಕ್ಕು ಹಿಡಿದ ಯು-ಬೋಲ್ಟ್ ನಟ್ಟುಗಳು ಜಪ್ಪಯ್ಯ ಅಂದ್ರೂ ಬಿಡಲಿಲ್ಲ, ಗ್ಯಾಸಲ್ಲಿ ಕತ್ತರಿಸಿದ್ದಾಯ್ತು. ಹೊಸ ಸೆಟ್ಟನ್ನ ಬೋಲ್ಟ್ ಬಿಗಿಯೋ ಮೊದಲು ಬಿಡಿ ಬಿಡಿಯಾಗಿ ತೋರಿಸಿದ್ರು. ಪ್ರತಿ ಬ್ಲೇಡಿಗೂ ತನ್ನ ಮೇಲಿನದಕ್ಕಿಂತ ಚೂರು ಜಾಸ್ತಿ ಬಾಗು. ನಡುವೆ ಬೆಳಕು ಕಾಣತ್ತೆ. ಸೆಂಟರ್ ಬೋಲ್ಟ್ ಬಿಗಿದಾಗ ಬೆಳಕು ಮುಚ್ಚಿ ಎಲ್ಲಾ ಒಂದಕ್ಕೊಂದು ತಬ್ಬಿಕೊಳ್ತವೆ, ಕೆಳಗಿನವು ಮೇಲಿನದರ ಭಾರವನ್ನ ಮೊದಲೇ ಒಂದಿಷ್ಟು ಇಳಿಸಿರ್ತವೆ. ಪುಸ್ತಕದಲ್ಲಿ ಇದಕ್ಕೆ ನಿಪ್ ಅಂತಾರೆ. ನಾನು ಸೂತ್ರ ಬಾಯಿಪಾಠ ಮಾಡಿದ್ದೆ, ಆ ಬೆಳಕನ್ನ ನೋಡಿರಲಿಲ್ಲ. ಗುಜರಿ ಬ್ಲೇಡಿಗೆ ಈ ಲೆಕ್ಕ ಎಲ್ಲಿಂದ ಬರಬೇಕು? ಅದೂ ದಪ್ಪನೆಯದು ಬೇರೆ. ದಪ್ಪ ಒಂದೂವರೆ ಪಟ್ಟಾದ್ರೆ ಬಿಗಿ ಮೂರು ಪಟ್ಟು ದಾಟತ್ತೆ. ಉಳಿದವು ಬಾಗೋಕೆ ರೆಡಿ ಇದ್ರೂ ಅದು ಬಾಗಲ್ಲ. ಖಾಲಿ ಗಾಡಿ ಎಗರಿದ್ದು ಅದಕ್ಕೇ. ಹಿಂಭಾಗ ಎತ್ತಿದ್ದರಿಂದ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಕ್ರಾಸ್ ಅರ್ಧ ಸವೆದಿತ್ತು. ಗುಂಯ್ ಸದ್ದಿನ ಗುಟ್ಟು ಅದು.

ಒಂದು ವಿಷಯ ಮಾತ್ರ ಯಾವ ಪುಸ್ತಕದಲ್ಲೂ ಓದಿದ ನೆನಪಿಲ್ಲ. ಬ್ಲೇಡಿನ ಎರಡು ತುದಿಯ ಬುಷ್ ಬೋಲ್ಟುಗಳನ್ನ ಭಾಯ್ ಬಿಗಿ ಮಾಡಲೇ ಇಲ್ಲ. ಚಕ್ರ ಹಾಕಿ, ಜಾಕಿ ಇಳಿಸಿ, ಗಾಡಿ ತನ್ನ ಭಾರದ ಮೇಲೆ ನಿಂತ ಮೇಲೆ ಬಿಗಿ ಮಾಡಿದ್ರು. ಯಾಕೆ ಅಂದೆ. "ರಬ್ಬರು ಬಿಗಿ ಮಾಡಿದ ಜಾಗಕ್ಕೇ ತಿರುಗಿ ಹೋಗೋಕೆ ನೋಡ್ತದೆ. ನೇತಾಡೋವಾಗ ಬಿಗಿ ಮಾಡಿದ್ರೆ ನಿಂತಿರೋವಾಗೆಲ್ಲಾ ತಿರುಚ್ಕೊಂಡೇ ಇರ್ತದೆ. ಬೇಗ ಹರಿದೋಗ್ತದೆ."

ಗಾಡಿ ಈಗ ಕಂಪನಿ ಎತ್ತರಕ್ಕೇ ನಿಂತಿದೆ. ಲೋಡ್ ಮೊದಲಿಗಿಂತ ನಾಲ್ಕು ಕ್ರೇಟ್ ಕಮ್ಮಿ ಹಾಕ್ಬೇಕು, ಅದನ್ನ ಅಪ್ಪ ಒಪ್ಕೊಂಡಿದಾರೆ, ಗೊಣಗ್ತಾ. ಹಳೇ ಬ್ಲೇಡುಗಳನ್ನ ಗುಜರಿಗೆ ಕೊಡದೆ ಮನೆಗೆ ತಂದು, ಬಿರುಕಿಲ್ಲದ ತುಂಡನ್ನ ಕುಲುಮೆಗೆ ಕೊಟ್ಟು ಮಚ್ಚು ಮಾಡಿಸ್ತಿದಾರೆ. ಮಚ್ಚಿಗೆ ಬ್ಲೇಡ್ ಪಟ್ಟಿಯಂಥ ಕಬ್ಬಿಣ ಇನ್ನೊಂದಿಲ್ಲವಂತೆ.

ಅವತ್ತು ಸಂಜೆ ಅಮ್ಮನ್ನ ಹಿಂದಿನ ಸೀಟಿನಲ್ಲಿ ಕೂರಿಸ್ಕೊಂಡು ಮಾಗಡಿವರೆಗೆ ಹೋಗ್ಬಂದ್ವಿ. ಅಪ್ಪ ಡ್ರೈವಿಂಗು. ಎರಡು ಹಂಪ್ ದಾಟಿದ ಮೇಲೆ ಅಮ್ಮ ಸೀಟಿನ ಕಂಬಿ ಹಿಡ್ಕೊಂಡಿದ್ದ ಕೈಯನ್ನ ಬಿಟ್ಲು. ನಾನು ಕನ್ನಡಿಯಲ್ಲಿ ನೋಡ್ತಾ ಇದ್ದೆ.

ಹೊಸ ಯು-ಬೋಲ್ಟ್ ಒಂದಿಷ್ಟು ಓಡಿದ ಮೇಲೆ ಸಡಿಲ ಆಗ್ತವೆ, ತಂದು ಮತ್ತೆ ಟೈಟ್ ಮಾಡಿಸ್ಕೊಂಡು ಹೋಗಿ ಅಂದಿದಾರೆ ಭಾಯ್. ಈ ಭಾನುವಾರ ಹೋಗ್ಬೇಕು. ಅಮ್ಮ ತಾನೂ ಬರ್ತಾಳಂತೆ, ಅಕ್ಕನ ಮಗುಗೆ ಚನ್ನಪಟ್ಟಣದ ಬೊಂಬೆ ತಗೋಬೇಕಂತೆ. ಬಸ್ಸಿನಲ್ಲಲ್ಲ.