ಫೋಟೊ ಯಾವಾಗ ಕೊಡ್ತೀಯಪ್ಪಾ?

ಪಂಚಾಂಗ ಬರೆಯುವವರಿಗೆ ಫೋಟೊಗ್ರಾಫರರ ಕಷ್ಟ ಗೊತ್ತಿದ್ದಂತಿಲ್ಲ. ವೈಶಾಖದಲ್ಲಿ ಒಂದು ಒಳ್ಳೆಯ ಮುಹೂರ್ತ ಬಿತ್ತೆಂದರೆ ಸಾಕು, ಹೊನ್ನಾಳಿ–ನ್ಯಾಮತಿ ಸೀಮೆಯ ಕಲ್ಯಾಣ ಮಂಟಪಗಳೆಲ್ಲ ಅದೇ ದಿನ ತುಂಬಿಹೋಗುತ್ತವೆ. ಅಡುಗೆಯವರು ಸಿಗುವುದಿಲ್ಲ, ವಾಲಗದವರು ಸಿಗುವುದಿಲ್ಲ. ಆದರೆ ಅಡುಗೆಯವರ ಕೆಲಸ ಊಟದೊಂದಿಗೆ ಮುಗಿಯುತ್ತದೆ, ವಾಲಗದವರದು ಆರತಿಯೊಂದಿಗೆ. ಫೋಟೊದವನ ಕೆಲಸದ ದೊಡ್ಡ ಪಾಲು ಚಪ್ಪರ ಬಿಚ್ಚಿದ ಮೇಲೆ ಶುರುವಾಗುತ್ತದೆ. ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟುವ ಮೊದಲೇ ‘ಫೋಟೊ ಯಾವಾಗ ಕೊಡ್ತೀಯಪ್ಪಾ?’ ಎಂಬ ಪ್ರಶ್ನೆ ಎದುರಿಗೆ ಬಂದು ನಿಂತಿರುತ್ತದೆ.

ಗೋವಿನಕೋವಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಜೀವನ ನಡೆಯುವುದೇ ಈ ಪ್ರಶ್ನೆಗೆ ಅವನು ಕೊಡುವ ಉತ್ತರದ ಮೇಲೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದ ಹೊಳೆಯನ್ನು ಹೇಗೋ ದಾಟಿ ದಡ ಸೇರಿದ ಹುಡುಗ. ‘ಕ್ಯಾಮೆರಾ ಹಿಡ್ಕೊಂಡು ಮದ್ವೆಮನೆ ತಿರುಗೋದು ಒಂದು ಕೆಲಸವಾ ಸಾರ್? ನೀವಾದ್ರೂ ಬುದ್ಧಿ ಹೇಳಿ’ ಎಂದು ಅವನ ತಂದೆ ನನ್ನ ಬಳಿ ಬಂದಿದ್ದರು. ಬುದ್ಧಿ ಹೇಳುವ ಮೊದಲು ಕೆಲಸ ಏನೆಂದು ನೋಡೋಣವೆಂದು ಒಂದು ಬೇಸಿಗೆ ರಜೆಯಲ್ಲಿ ಅವನ ಅಂಗಡಿಯಲ್ಲಿ ಆಗಾಗ ಹೋಗಿ ಕೂತೆ. ಬುದ್ಧಿ ಹೇಳುವ ಸಂದರ್ಭ ಕೊನೆಗೂ ಬರಲಿಲ್ಲ.

ವಾಯಿದೆಯ ಕಷ್ಟ ಹೊಸದೇನಲ್ಲ. ನಾನು ಬಿ.ಎಸ್ಸಿ. ಓದುತ್ತಿದ್ದಾಗ ಪರಿಚಯದ ಸ್ಟುಡಿಯೋ ಒಂದರ ಕತ್ತಲೆಕೋಣೆಯಲ್ಲಿ ನಿಂತು ನೋಡಿದ್ದುಂಟು. ಕಪ್ಪು–ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಬ್ರೋಮೈಡಿನ ಸಣ್ಣ ಹರಳುಗಳು ಜಿಲೆಟಿನ್ನಿನಲ್ಲಿ ಹುದುಗಿರುತ್ತವೆ. ಬೆಳಕು ತಾಕಿದ ಹರಳನ್ನು ಡೆವಲಪರ್ ದ್ರಾವಣ ಕಪ್ಪು ಬೆಳ್ಳಿಯಾಗಿಸುತ್ತದೆ. ತಾಕದೆ ಉಳಿದದ್ದನ್ನು ಹೈಪೋ ಕರಗಿಸಿ ತೆಗೆಯುತ್ತದೆ. ಹೈಪೋ ಎಂದರೆ ಸೋಡಿಯಂ ಥಯೋಸಲ್ಫೇಟ್. ಬೆಳ್ಳಿಯ ಲವಣಗಳನ್ನು ಅದು ಕರಗಿಸುತ್ತದೆಂದು 1819ರಲ್ಲೇ ಕಂಡುಕೊಂಡವನು ಜಾನ್ ಹರ್ಷೆಲ್. ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದು ಅದಾಗಿ ಇಪ್ಪತ್ತು ವರ್ಷಕ್ಕೆ, 1839ರಲ್ಲಿ. ಉತ್ತರ ಮೊದಲು ಬಂದು ಪ್ರಶ್ನೆಗಾಗಿ ಕಾದು ಕುಳಿತ ಉದಾಹರಣೆಗಳು ವಿಜ್ಞಾನದಲ್ಲಿ ಹೀಗೆ ಸಿಗುತ್ತಿರುತ್ತವೆ.

ಡೆವಲಪರ್‌ನ ಲೆಕ್ಕವೆಲ್ಲ 20 ಡಿಗ್ರಿ ಸೆಲ್ಸಿಯಸ್ಸಿನದು. ನಮ್ಮ ಏಪ್ರಿಲ್ ತಿಂಗಳ ನಲ್ಲಿ ನೀರು ಅದನ್ನು ಕೇಳಬೇಕಲ್ಲ! ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬ ಸ್ಥೂಲ ನಿಯಮವೊಂದಿದೆ. ಬೇಗ ಆಯಿತಲ್ಲ ಎಂದು ಹಿಗ್ಗುವಂತಿಲ್ಲ. ಚಿತ್ರ ಕಪ್ಪಿಡುತ್ತದೆ, ಜಿಲೆಟಿನ್ ಮೆತ್ತಗಾಗುತ್ತದೆ. ಆ ಸ್ಟುಡಿಯೋದವರು ಮಣ್ಣಿನ ಮಡಕೆಯ ನೀರು ಬಳಸುತ್ತಿದ್ದರು. ಆವಿಯಾಗುವ ನೀರು ಶಾಖ ಒಯ್ಯುತ್ತದೆಂಬ ಪಾಠವನ್ನು ನಾನು ಮಕ್ಕಳಿಗೆ ಹೇಳುವಾಗಲೆಲ್ಲ ಆ ಮಡಕೆ ಕಣ್ಣ ಮುಂದೆ ಬರುತ್ತದೆ. ಇನ್ನು ತೊಳೆಯುವ ಕೆಲಸ. ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆಂದು ಅವಸರದಲ್ಲಿ ತೊಳೆದರೆ ಹೈಪೋದ ಅಂಶ ಕಾಗದದಲ್ಲೇ ಉಳಿಯುತ್ತದೆ. ಆ ದಿನ ಏನೂ ಕಾಣುವುದಿಲ್ಲ. ವರ್ಷಗಳು ಕಳೆದ ಮೇಲೆ ಹಳದಿ ಕಲೆಯೇಳುತ್ತದೆ. ಮನೆಯ ಹಳೆಯ ಟ್ರಂಕಿನಲ್ಲಿ ಅಂಥ ಮದುವೆ ಫೋಟೊ ಇದ್ದರೆ ತೆಗೆದು ನೋಡಿ.

ಬಣ್ಣದ ಫಿಲ್ಮ್ ಬಂದ ಮೇಲೆ ಈ ಕೆಲಸ ಊರಿನ ಕೈ ಬಿಟ್ಟಿತು. ಮೂವತ್ತಾರು ಚಿತ್ರಗಳ ರೋಲುಗಳು ಬಸ್ಸಿನಲ್ಲಿ ಶಿವಮೊಗ್ಗದ ಲ್ಯಾಬಿಗೆ ಹೋಗಬೇಕು. ಬಣ್ಣದ ನೆಗೆಟಿವ್ ಡೆವಲಪರಿನಲ್ಲಿ ಇರಬೇಕಾದದ್ದು ಬರೀ 3 ನಿಮಿಷ 15 ಸೆಕೆಂಡು, ಅದೂ ಸುಮಾರು 38 ಡಿಗ್ರಿಯಲ್ಲಿ, ಕಾಲು ಡಿಗ್ರಿಯೂ ಆಚೀಚೆಯಾಗದಂತೆ. ಆ ಮೂರೂಕಾಲು ನಿಮಿಷಕ್ಕಾಗಿ ಬಸ್ಸಿಗೆ ಕಾಯುವುದರಲ್ಲೇ ದಿನಗಳು ಹೋಗುತ್ತಿದ್ದವು. ಅಮೆರಿಕದ ಎಡ್ವಿನ್ ಲ್ಯಾಂಡ್‌ಗೆ 1943ರಲ್ಲಿ ಅವನ ಮೂರು ವರ್ಷದ ಮಗಳು, ತೆಗೆದ ಫೋಟೊ ಈಗಲೇ ಏಕೆ ನೋಡುವಂತಿಲ್ಲ ಎಂದು ಕೇಳಿದಳಂತೆ. 1947ರಲ್ಲಿ ಆತ ಒಂದು ನಿಮಿಷದಲ್ಲಿ ಚಿತ್ರ ಕೊಡುವ ಪೋಲರಾಯ್ಡ್ ಕ್ಯಾಮೆರಾವನ್ನು ತೋರಿಸಿದ. ಮಗುವಿನ ಆ ಪ್ರಶ್ನೆಯನ್ನೇ ಇಂದು ಬೀಗರೆಲ್ಲ ಕೇಳುತ್ತಿದ್ದಾರೆ.

‘ಈಗೇನು, ಡಿಜಿಟಲ್ ಅಲ್ಲವೇ, ಒತ್ತಿದ ಕೂಡಲೇ ಬಂತಲ್ಲ’ ಎನ್ನುವವರಿಗೆ ನನ್ನ ಶಿಷ್ಯ ಒಂದು ಕಾಗದದ ಮೇಲೆ ಲೆಕ್ಕ ಬರೆದು ತೋರಿಸುತ್ತಾನೆ. ಒಂದು ಮದುವೆಗೆ ಮೂರು ಸಾವಿರ ಚಿತ್ರ. ಒಂದೊಂದು 25 ಎಂ.ಬಿ. ಎಂದರೂ 75 ಜಿ.ಬಿ. ಕಾರ್ಡಿನಿಂದ ಸೆಕೆಂಡಿಗೆ 50 ಎಂ.ಬಿ. ಇಳಿದರೆ 25 ನಿಮಿಷ. ಎರಡು ಹಾರ್ಡ್ ಡಿಸ್ಕಿಗೆ ಎಂದರೆ 50. ಒಂದೊಂದು ಚಿತ್ರಕ್ಕೆ ಐದೇ ಸೆಕೆಂಡು ಕಣ್ಣಿಟ್ಟು ಆರಿಸಿದರೂ 15,000 ಸೆಕೆಂಡು, ನಾಲ್ಕು ಗಂಟೆಯ ಮೇಲೆ ಹತ್ತು ನಿಮಿಷ. ಬಣ್ಣ, ಬೆಳಕು ತಿದ್ದುವುದು ಬೇರೆ. ತಿದ್ದಿದ ಮುನ್ನೂರು ಚಿತ್ರಗಳನ್ನು, ತಲಾ 8 ಎಂ.ಬಿ.ಯಂತೆ, ಹಳ್ಳಿಯ ಇಂಟರ್‌ನೆಟ್ಟಿನಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಕಳಿಸಲು 2 ಗಂಟೆ 40 ನಿಮಿಷ. ಒಂದು ಬೈಟಿಗೆ ಎಂಟು ಬಿಟ್ ಎಂಬುದನ್ನು ಅವನು ಮರೆಯದೆ ಗುಣಿಸಿದ್ದಾನೆ! ಪರೀಕ್ಷೆಯಲ್ಲಿ ಏಕಮಾನ ಬರೆಯದೆ ನನ್ನಿಂದ ಅಂಕ ಕಳೆದುಕೊಳ್ಳುತ್ತಿದ್ದ ಹುಡುಗ ಇವನೇ.

ಅಂಗಡಿಯಲ್ಲಿ ನಾನು ಕೂತಿದ್ದ ಒಂದು ದಿನ ಊರಿನ ಹಿರಿಯರೊಬ್ಬರು ಮಡದಿಯೊಂದಿಗೆ ಬಂದರು. ಭಾನುವಾರ ಮಗಳ ಮದುವೆ. ಅಳಿಯನಿಗೆ ಹೊರದೇಶದಲ್ಲಿ ಕೆಲಸ, ಗುರುವಾರ ರಾತ್ರಿ ವಿಮಾನ. ಅಷ್ಟರೊಳಗೆ ವಿವಾಹ ನೋಂದಣಿ ಆಗಬೇಕು, ಅದಕ್ಕೆ ಲಗ್ನಪತ್ರಿಕೆಯ ಜೊತೆ ಮದುವೆಯ ಫೋಟೊ ಬೇಕು. ಆ ಪತ್ರ ಸಿಗದಿದ್ದರೆ ಮಗಳ ವೀಸಾ ಅರ್ಜಿಯೂ ನಿಂತುಹೋಗುತ್ತದೆ.

‘ಬುಧವಾರ ಸಂಜೆಗೆ ಆಲ್ಬಂ ಕೈಯಲ್ಲಿರಬೇಕು ನೋಡಪ್ಪ, ದುಡ್ಡಿನ ಮಾತು ಬಿಡು.’

‘ಆಗಲ್ಲ ಯಜಮಾನ್ರೇ. ಸೋಮವಾರ ನಂಗೆ ಇನ್ನೊಂದು ಮದ್ವೆ ಐತೆ, ಮುಂಗಡ ಇಸ್ಕೊಂಡಿದೀನಿ. ಆಲ್ಬಂ ಅಂದ್ರೆ ನೀವು ಫೋಟೊ ಆರಿಸಿ ಕೊಟ್ಟ ಮೇಲೆ ಒಂದು ತಿಂಗಳು. ನೋಂದಣಿಗೆ ಹತ್ತು ಫೋಟೊ ಭಾನುವಾರ ರಾತ್ರಿನೇ ಕೊಡ್ತೀನಿ. ಬುಧವಾರಕ್ಕೆ ಅರವತ್ತು, ಫೋನಿಗೆ.’

‘ಬೇರೆಯವನು ಎಲ್ಲಾ ಬುಧವಾರನೇ ಕೊಡ್ತೀನಿ ಅಂದಿದ್ದಾನೆ.’

ಹುಡುಗ ಸುಮ್ಮನಿದ್ದ. ಆ ತಿಂಗಳು ಕ್ಯಾಮೆರಾದ ಸಾಲದ ಕಂತು ಬಾಕಿಯಿದ್ದುದು ನನಗೆ ಗೊತ್ತಿತ್ತು. ‘ಹೂಂ ಅಂದುಬಿಡೋ’ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಗ ಹೆಣ್ಣಿನ ತಾಯಿ, ಅದುವರೆಗೆ ಬಾಯಿ ಬಿಡದವರು, ‘ಆ ಹತ್ತು ಖಂಡಿತ ಸಿಗ್ತಾವೇನಪ್ಪ?’ ಎಂದು ಕೇಳಿದರು. ‘ಸಿಗ್ತಾವಮ್ಮ’ ಎಂದ. ಅಷ್ಟಕ್ಕೇ ಮಾತು ಮುಗಿಯಿತು.

ಭಾನುವಾರ ಸಂಜೆ ಏಳಕ್ಕೆ ಗುಡುಗು–ಮಳೆ ಬಂದು ಕರೆಂಟು ಹೋಯಿತು. ಕಂಪ್ಯೂಟರು ಯು.ಪಿ.ಎಸ್. ಮೇಲೆ ನಡೆದೀತು, ಪ್ರಿಂಟರ್ ನಡೆಯದು. ನಾನು ಚಡಪಡಿಸುತ್ತಿದ್ದೆ, ಅವನು ಟಾರ್ಚಿನ ಬೆಳಕಿನಲ್ಲಿ ಮರುದಿನದ ಕಾರ್ಡುಗಳನ್ನು ಜೋಡಿಸುತ್ತಿದ್ದ. ‘ಬೇಸಿಗೆ ಮದ್ವೆ ಅಂದ್ರೆ ಕರೆಂಟಿಗೆ ಎರಡು ತಾಸು ಬಿಟ್ಟೇ ಟೈಮ್ ಹೇಳೋದು ಸಾರ್’ ಎಂದ. ಒಂಬತ್ತಕ್ಕೆ ಕರೆಂಟು ಬಂತು. ಹತ್ತಕ್ಕೆ ಹತ್ತು ಫೋಟೊ ಬೀಗರ ಬಿಡಾರದಲ್ಲಿದ್ದವು. ಧಾರೆಯದು, ತಾಳಿಯದು, ಸಪ್ತಪದಿಯದು. ಯಾವ ಹತ್ತು ಬೇಕಾಗುತ್ತವೆಂದು ಮುಹೂರ್ತಕ್ಕೆ ಮುಂಚೆಯೇ ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದ.

ನೋಂದಣಿ ಆಯಿತು. ಅಳಿಯ ಅರವತ್ತು ಚಿತ್ರಗಳನ್ನು ಫೋನಿನಲ್ಲಿಟ್ಟುಕೊಂಡು ವಿಮಾನ ಹತ್ತಿದ. ಆಲ್ಬಮ್ಮಿನ ಕಥೆ ಬೇರೆ. ನೂರಿಪ್ಪತ್ತು ಚಿತ್ರ ಆರಿಸಿ ಕೊಡಲು ಎರಡೂ ಕಡೆಯವರು ಸೇರಿ ಎರಡು ತಿಂಗಳು ತೆಗೆದುಕೊಂಡರು. ಒಂದರಲ್ಲಿ ಅತ್ತೆ ಕಣ್ಣು ಮುಚ್ಚಿದ್ದಾರೆ, ಇನ್ನೊಂದರಲ್ಲಿ ಚಿಕ್ಕಪ್ಪನ ಮನೆಯವರೇ ಇಲ್ಲ. ಆಲ್ಬಂ ತಡವಾಯಿತೆಂದು ಆ ಯಜಮಾನರು ಕಟ್ಟೆಯ ಮೇಲೆ ಈಗಲೂ ಅವನನ್ನೇ ದೂರುತ್ತಾರೆ. ಫೋಟೊ ಆರಿಸಿಕೊಟ್ಟ ತಾರೀಖನ್ನು ಅವರ ಕೈಯಲ್ಲೇ ಬರೆಸಿದ ಪುಸ್ತಕ ಅಂಗಡಿಯಲ್ಲಿದೆ. ಇವನು ಅದನ್ನು ತೆಗೆದು ತೋರಿಸಲು ಹೋಗಿಲ್ಲ. ಅವರ ಎರಡನೆಯ ಮಗಳ ಮದುವೆ ಇನ್ನೂ ಇದೆಯಲ್ಲ!

ಈಚೆಗೆ ಅವನ ತಾಯಿ ಒಂದು ಫೋಟೊ ಕೇಳುತ್ತಿದ್ದಾರಂತೆ. ಗಂಡ–ಹೆಂಡತಿ ಜೊತೆಯಾಗಿ ಕೂತದ್ದು ಆ ಮನೆಯಲ್ಲಿ ಒಂದೂ ಇಲ್ಲ. ‘ಆಷಾಢ ಬರ್ಲಿ ಅವ್ವಾ, ತಗೀತೀನಿ’ ಎಂದು ವಾಯಿದೆ ಹೇಳಿದ್ದಾನೆ. ಮೊನ್ನೆ ದಾರಿಯಲ್ಲಿ ಸಿಕ್ಕ ಅವನ ತಂದೆ, ಹೊಸ ಪಂಚೆ ತೆಗೆದಿಟ್ಟಿದ್ದೇನೆಂದು ಹೇಳಿ, ‘ಆಷಾಢ ಹುಟ್ಟೋದು ಯಾವತ್ತು ಸಾರ್?’ ಎಂದು ಕೇಳಿದರು.