ಮೂರು ಗರಿ

ಗಾಜು ಕತ್ತರಿಸುವುದೆಂದರೆ ಅದನ್ನು ಹದವಾಗಿ ಮುರಿಯುವುದು. ಚೆನ್ನೈನ ಬಣ್ಣದ ಗಾಜಿನ ತರಗತಿಯಲ್ಲಿ, ನಲವತ್ತಾರನೇ ವಯಸ್ಸಿನಲ್ಲಿ, ನಾನು ಮೊದಲು ಕಲಿತದ್ದಿದು. ಕಟರಿನ ಪುಟ್ಟ ಚಕ್ರ ಬರೀ ಒಂದು ಗೀರು ಎಳೆಯುತ್ತದೆ; ಎರಡೂ ಬದಿ ಹಿಡಿದು ಬಗ್ಗಿಸಿದರೆ ಟಕ್ಕೆಂದು ಬಿಡುತ್ತದೆ. ಅದೇ ಗೀರಿನ ಮೇಲೆ ಮತ್ತೊಮ್ಮೆ ಚಕ್ರ ಓಡಿಸುವಂತಿಲ್ಲ. ದಿನಕ್ಕೆ ನಾಲ್ಕು ಸಲ ಪ್ಲ್ಯಾನ್ ಬದಲಿಸುವ ಪ್ರಾಜೆಕ್ಟ್ ಮ್ಯಾನೇಜರಿಗೆ ಇದು ಕಷ್ಟವೇ.

ಆಮೇಲೆ ಅಂಚು ಉಜ್ಜಿ, ತಾಮ್ರದ ಪಟ್ಟಿ ಸುತ್ತಿ, ಫ್ಲಕ್ಸ್ ಹಚ್ಚಿ, ಬೆಸುಗೆ. ಅದರಲ್ಲಿ ಸೀಸವಿರುವುದರಿಂದ ಆ ಕೆಲಸವನ್ನು ಮನೆಗೆ ತರುವುದಿಲ್ಲ.

ಇಷ್ಟೆಲ್ಲ ಅಮ್ಮನ ಕಿಟಕಿಗಾಗಿ. ಅಪ್ಪ ಹೋದ ಮೇಲೆ ಮೈಸೂರಿನ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದಳು. ಕೋಣೆಯ ಕಿಟಕಿ ತೆರೆದರೆ ಪಕ್ಕದ ಅಪಾರ್ಟ್‌ಮೆಂಟಿನ ಗೋಡೆ. ಅಲ್ಲಿಗೆ ಮೈಸೂರು ಅರಮನೆಯ ಕಲ್ಯಾಣಮಂಟಪದ ನವಿಲೊಂದನ್ನು ತರಬೇಕೆಂದಿದ್ದೇನೆ. ಆ ಚಾವಣಿಯ ಗಾಜು ಗ್ಲಾಸ್ಗೋದಲ್ಲಿ ತಯಾರಾದದ್ದು ಎಂದರೆ ಅಮ್ಮ ಒಪ್ಪಳು. "ನವಿಲು ನಮ್ದೇ ಕಣೋ!" ವಿನ್ಯಾಸ ಮೈಸೂರಿನ ಕಲಾವಿದರದ್ದೇ, ಹಾಗಾಗಿ ವಾದಿಸುವುದಿಲ್ಲ.

ಮೊನ್ನೆ ಮೂರು ಗರಿ ಮುಗಿದವು. ಕಿಟಕಿಗೆ ಹಿಡಿದೆ. ಅಮ್ಮನ ಸೀರೆಯ ಮೇಲೆ ಒಂದಿಷ್ಟು ಹಸಿರು ಬಿತ್ತು. ಅದನ್ನು ಮುಟ್ಟಿ ನೋಡಿ, "ಉಳಿದದ್ದು ಯಾವಾಗ ಮುಗಿಸ್ತೀಯೋ?" ಅಂದಳು. ಅವಳಿಗೀಗ ಎಂಬತ್ತೊಂದು. ತರಗತಿ ಶನಿವಾರ ಮಾತ್ರ. ನಾನು ಡೇಟ್ ಕೊಡಲಿಲ್ಲ.